ಹೋಗುವ ಶಾಲೆಯ ಪಟ್ಟಿ ಆಮೇಲೆ, ಬಿಡುವ ಶಾಲೆಯ ಕಾಗದ ಮೊದಲು

ಪ್ರಶ್ನೆ: ಇನ್ನು ನಾಲ್ಕು ತಿಂಗಳಲ್ಲಿ ನಾವು ಮಕ್ಕಳೊಂದಿಗೆ ವಿದೇಶಕ್ಕೆ ಹೋಗಿ ನೆಲೆಸಲಿದ್ದೇವೆ. ಜರ್ಮನಿಯೋ ಕೆನಡಾವೋ ಎಂಬುದು ನನ್ನ ಪತಿಯ ಕಂಪನಿಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಮಗಳು ಒಂಬತ್ತನೆಯ ತರಗತಿ, ಮಗ ಮೂರನೆಯ ತರಗತಿ. ಮಗನಿಗೆ ಓದುವುದರಲ್ಲಿ ತೊಡಕಿದೆ ಎಂದು ಕಳೆದ ವರ್ಷ ತಜ್ಞರಿಂದ ಪರೀಕ್ಷೆ ಮಾಡಿಸಿದ್ದೇವೆ. ಆ ವರದಿಯನ್ನು ಅರ್ಜಿಯ ಜೊತೆ ಕೊಟ್ಟರೆ ಎಲ್ಲಿ ಪ್ರವೇಶವೇ ಸಿಗದೇ ಹೋದೀತೋ ಎಂಬ ಅಂಜಿಕೆ. ಒಂದೊಂದು ಶಾಲೆಯ ಜಾಲತಾಣದಲ್ಲೂ ಒಂದೊಂದು ಪಟ್ಟಿ ಇದೆ. ದೇಶವೇ ಗೊತ್ತಿಲ್ಲದೆ ದಾಖಲೆಗಳನ್ನು ಸಿದ್ಧಪಡಿಸುವುದು ಹೇಗೆ?

ಉತ್ತರ: ದೇಶ ತೀರ್ಮಾನವಾಗಲಿ ಎಂದು ಕಾಯಬೇಡಿ. ಈ ಕೆಲಸದ ಕಷ್ಟದ ಭಾಗಕ್ಕೂ ನೀವು ಹೋಗುವ ದೇಶಕ್ಕೂ ಅಷ್ಟಾಗಿ ಸಂಬಂಧವಿಲ್ಲ. ಎಲ್ಲರೂ ಮಾಡುವ ಹಾಗೆ ನೀವೂ ಹೊಸ ಶಾಲೆಗಳ ಪಟ್ಟಿ ಹಿಡಿದು ಕುಳಿತಿದ್ದೀರಿ. ಅದನ್ನು ಸದ್ಯ ಪಕ್ಕಕ್ಕಿಟ್ಟು, ಬಿಟ್ಟುಹೋಗುವ ಶಾಲೆಯಿಂದ ಆರಂಭಿಸಿ. ಬಾಡಿಗೆ ಕರಾರು, ವಿಮೆಯ ಕಾಗದ, ಭಾವಚಿತ್ರ, ಪಾಸ್‌ಪೋರ್ಟ್ ಪ್ರತಿ ಇವೆಲ್ಲ ಅಲ್ಲಿಗೆ ಹೋದ ಮೇಲೂ ಸಿಗುತ್ತವೆ. ಮಗಳಿಗೆ ಗಣಿತ ಕಲಿಸಿದ ಶಿಕ್ಷಕಿಯ ಸಹಿ ಸಿಗುವುದಿಲ್ಲ.

ನಾನು ಹಲವು ವರ್ಷ ಒಂದು ಅಂತರರಾಷ್ಟ್ರೀಯ ಶಾಲೆಯ ಪ್ರವೇಶ ವಿಭಾಗದಲ್ಲಿದ್ದೆ. ಈಗ ಮೇಜಿನ ಈಚೆ ಬದಿಗೆ ಬಂದು ಪೋಷಕರಿಗೆ ನೆರವಾಗುತ್ತಿದ್ದೇನೆ. ಕಡತ ಓದುವವರು ನೀವು ಅಂದುಕೊಂಡಷ್ಟು ಕಠಿಣರಲ್ಲ. ಆದರೆ ಅವರಿಗೆ ನಿಮ್ಮ ಶಾಲೆ ಗೊತ್ತಿಲ್ಲ, ನಿಮ್ಮ ಭಾಷೆ ಗೊತ್ತಿಲ್ಲ, ಸಮಯವೂ ಇಲ್ಲ. ಅವರು ಹುಡುಕುವುದು ಮೂರೇ ಸಂಗತಿ: ಈ ಮಗು ಯಾರು, ಇದರ ಹೊಣೆ ಯಾರದು, ಇದನ್ನು ಯಾವ ತರಗತಿಯಲ್ಲಿ ಕೂರಿಸಬೇಕು. ಮೊದಲೆರಡಕ್ಕೆ ಉತ್ತರ ಹೇಳುವ ಕಾಗದ ಬಹುತೇಕ ಎಲ್ಲ ಕುಟುಂಬಗಳ ಬಳಿಯೂ ಇರುತ್ತದೆ. ಮೂರನೆಯದಕ್ಕೆ ಉತ್ತರವಿಲ್ಲದ ಕಡತಗಳೇ ನನ್ನ ಮೇಜಿನ ಮೇಲೆ ವಾರಗಟ್ಟಲೆ ಬಿದ್ದಿರುತ್ತಿದ್ದವು.

ಒಂದು ಕುಟುಂಬದ ಕತೆ ಹೇಳುತ್ತೇನೆ. ಹುಡುಗ ಗಣಿತದಲ್ಲಿ ಚುರುಕು. ಅಂಕಪಟ್ಟಿಯನ್ನು ಚೆನ್ನಾಗಿ ಜೋಪಾನ ಮಾಡಿ ತಂದಿದ್ದರು. ಹೊಸ ಶಾಲೆಯವರು ‘ಗಣಿತ: 91 ಎಂದಿದೆ, ಸರಿ. ಆ ವರ್ಷ ಅವನು ಕಲಿತದ್ದೇನು? ವರ್ಗಸಮೀಕರಣ ಆಗಿದೆಯೇ? ತ್ರಿಕೋನಮಿತಿ ಆರಂಭವಾಗಿದೆಯೇ?’ ಎಂದು ಕೇಳಿದರು. ಹಳೆಯ ಶಾಲೆಗೆ ಇಮೇಲ್ ಹೋಯಿತು. ಅಷ್ಟರಲ್ಲಿ ಅಲ್ಲಿಯ ಮುಖ್ಯೋಪಾಧ್ಯಾಯರು ನಿವೃತ್ತರಾಗಿದ್ದರು, ಗಣಿತದ ಶಿಕ್ಷಕರು ಬೇರೆ ಶಾಲೆ ಸೇರಿದ್ದರು, ಕಚೇರಿಯಲ್ಲಿ ಉಳಿದ ಗುಮಾಸ್ತರಿಗೆ ಏನು ಕೇಳುತ್ತಿದ್ದಾರೆ ಎಂಬುದೇ ಅರ್ಥವಾಗಲಿಲ್ಲ. ಉತ್ತರ ಬರಲು ಒಂದು ಇಡೀ ಶೈಕ್ಷಣಿಕ ಅವಧಿ ಹಿಡಿಯಿತು. ಅಲ್ಲಿಯವರೆಗೆ ಹುಡುಗ ಕಲಿತದ್ದನ್ನೇ ಮತ್ತೆ ಕಲಿಯುತ್ತ ಹಿಂದಿನ ತರಗತಿಯ ಗಣಿತಕ್ಕೆ ಕುಳಿತ. ಒಂದು ಪುಟದ ಕಾಗದ ಇದ್ದಿದ್ದರೆ ಸಾಕಿತ್ತು.

ಆ ಒಂದು ಪುಟವನ್ನೇ ಮೊದಲು ಮಾಡಿಸಿ. ಮಗಳ ಈ ವರ್ಷದ, ಸಾಧ್ಯವಾದರೆ ಹಿಂದಿನ ವರ್ಷದ ಪ್ರತಿಯೊಂದು ವಿಷಯಕ್ಕೂ ನಾಲ್ಕಾರು ಸಾಲು: ವಾರಕ್ಕೆ ಎಷ್ಟು ತರಗತಿ, ಒಂದೊಂದು ಎಷ್ಟು ನಿಮಿಷ, ಯಾವ ಯಾವ ಅಧ್ಯಾಯಗಳು ಮುಗಿದಿವೆ, ಪ್ರಯೋಗಾಲಯದ ಕೆಲಸ ಇತ್ತೇ ಇಲ್ಲವೇ. ‘ವಿಜ್ಞಾನ’ ಎಂದು ಒಂದೇ ಸಾಲಿನಲ್ಲಿ ಅಂಕ ಕೊಟ್ಟಿದ್ದರೆ ಅದರಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳ ಪಾಲೆಷ್ಟು ಎಂದೂ ಬರೆಸಿ. ಶಾಲೆಯವರೇ ಕುಳಿತು ಇದನ್ನು ಬರೆಯುತ್ತಾರೆ ಎಂದು ನಿರೀಕ್ಷಿಸಬೇಡಿ. ಪಠ್ಯಪುಸ್ತಕದ ಪರಿವಿಡಿ ನೋಡಿ ನೀವೇ ಕರಡು ಮಾಡಿ, ಶಿಕ್ಷಕರಿಗೆ ತೋರಿಸಿ ತಿದ್ದಿಸಿ, ಶಾಲೆಯ ಲೆಟರ್‌ಹೆಡ್ ಮೇಲೆ ಅಚ್ಚು ಮಾಡಿಸಿ ಸಹಿ, ಮೊಹರು ಹಾಕಿಸಿಕೊಳ್ಳಿ. ಖಾಲಿ ಕೈಯಲ್ಲಿ ಹೋದರೆ ‘ನೋಡೋಣ’ ಎನ್ನುವ ಶಾಲೆ, ಸಿದ್ಧವಾದ ಕರಡು ಕೊಟ್ಟರೆ ಸಾಮಾನ್ಯವಾಗಿ ವಾರದೊಳಗೆ ಮುಗಿಸಿಕೊಡುತ್ತದೆ.

ಒಂಬತ್ತನೆಯ ತರಗತಿಯಲ್ಲಿ ಇದು ಇಷ್ಟು ಮುಖ್ಯವಾಗಲು ಕಾರಣವಿದೆ. ಕೆನಡಾದ ಒಂಟಾರಿಯೊ ಪ್ರಾಂತ್ಯವನ್ನೇ ತೆಗೆದುಕೊಳ್ಳಿ. ಅಲ್ಲಿ ಪ್ರೌಢಶಾಲೆ ಒಂಬತ್ತನೆಯ ತರಗತಿಯಿಂದಲೇ ಆರಂಭ. ಪ್ರೌಢಶಾಲೆ ಮುಗಿಸಿದ್ದಕ್ಕೆ ಕೊಡುವ ಡಿಪ್ಲೊಮಾ ಪಡೆಯಲು ಒಟ್ಟು 30 ಕ್ರೆಡಿಟ್, ಅಂದರೆ ಒಂದೊಂದು ವಿಷಯ ಮುಗಿಸಿದಾಗ ಸಿಗುವ ಗಣನೆ, ಬೇಕು. ಹೊರದೇಶದಿಂದ ಬಂದ ವಿದ್ಯಾರ್ಥಿ ಅಲ್ಲಿಯವರೆಗೆ ಕಲಿತದ್ದಕ್ಕೆ ಎಷ್ಟು ಕ್ರೆಡಿಟ್ ಸಮ ಎಂದು ತೀರ್ಮಾನಿಸುವವರು ಆ ಶಾಲೆಯ ಪ್ರಾಂಶುಪಾಲರು. ಅವರು ನಿಮ್ಮ ಮಗಳನ್ನು ನೋಡಿ ತೀರ್ಮಾನಿಸುವುದಿಲ್ಲ, ಮುಂದಿರುವ ಕಾಗದ ನೋಡಿ ತೀರ್ಮಾನಿಸುತ್ತಾರೆ. ಜರ್ಮನಿಯಲ್ಲಾದರೆ ಪ್ರಶ್ನೆ ಬೇರೆ. ಅಲ್ಲಿ ಬಹುತೇಕ ರಾಜ್ಯಗಳಲ್ಲಿ ನಾಲ್ಕನೆಯ ತರಗತಿ ಮುಗಿದೊಡನೆ, ಬರ್ಲಿನ್‌ನಲ್ಲಿ ಆರನೆಯದು ಮುಗಿದ ಮೇಲೆ, ಮಕ್ಕಳು ಬೇರೆ ಬೇರೆ ಬಗೆಯ ಶಾಲೆಗಳಿಗೆ ಹಂಚಿಹೋಗುತ್ತಾರೆ. ನಿಮ್ಮ ಮಗಳು ಆ ಕವಲು ದಾಟಿದ ವಯಸ್ಸಿನಲ್ಲಿ ಹೋಗುತ್ತಿದ್ದಾಳೆ. ವಿಶ್ವವಿದ್ಯಾಲಯದ ದಾರಿಯಾದ ಗಿಮ್ನಾಸಿಯಂಗೆ ಸೇರಿಸಿಕೊಳ್ಳಬೇಕೇ ಬೇಡವೇ ಎಂಬ ಮಾತು ಬಂದಾಗ ಅವಳು ಎಷ್ಟು ವರ್ಷ ಯಾವ ಯಾವ ಭಾಷೆಗಳನ್ನು ಕಲಿತಿದ್ದಾಳೆ ಎಂಬುದಕ್ಕೂ ತೂಕ ಬರುತ್ತದೆ, ಏಕೆಂದರೆ ಅಲ್ಲಿ ಎರಡನೆಯ ವಿದೇಶಿ ಭಾಷೆ ಕಡ್ಡಾಯದ ಲೆಕ್ಕಕ್ಕೆ ಸೇರಿದೆ. ಹಾಗಾಗಿ ಒಂದೊಂದು ಭಾಷೆಯನ್ನೂ ಯಾವ ತರಗತಿಯಿಂದ ಯಾವ ತರಗತಿಯವರೆಗೆ ಓದಿದ್ದಾಳೆ ಎಂದು ಅದೇ ಪುಟದಲ್ಲಿ ನಮೂದಿಸಿ.

ಅಂಕಪಟ್ಟಿಗಳ ಬಗ್ಗೆ ಒಂದು ಮಾತು. ಮಗಳದ್ದು ಕಳೆದ ಮೂರು ವರ್ಷದ್ದು, ಮಗನದ್ದು ಎರಡು ವರ್ಷದ್ದು ಇದ್ದರೆ ಸಾಮಾನ್ಯವಾಗಿ ಸಾಲುತ್ತದೆ. ಆದರೆ ಅಂಕ ಮಾತ್ರ ಇದ್ದರೆ ಸಾಲದು, ಆ ಅಂಕವನ್ನು ಅಳೆಯುವ ಕೋಲೂ ಬೇಕು. ಜರ್ಮನಿಯಲ್ಲಿ 1 ಎಂದರೆ ಅತ್ಯುತ್ತಮ, 6 ಎಂದರೆ ನಪಾಸಿನಲ್ಲೂ ಕೊನೆ. ಗಡಿ ದಾಟಿ ಸ್ವಿಟ್ಜರ್ಲೆಂಡಿಗೆ ಹೋದರೆ 6 ಅತ್ಯುತ್ತಮ, 1 ಕೊನೆ. ಫ್ರಾನ್ಸಿನಲ್ಲಿ 20ಕ್ಕೆ 14 ಬಂದರೆ ಮನೆಯವರು ಸಂತೋಷಪಡುತ್ತಾರೆ, ಅದನ್ನೇ ಶೇಕಡಾ 70 ಎಂದು ಓದಿಕೊಂಡ ಬೇರೆ ದೇಶದವರು ಮುಖ ಸಿಂಡರಿಸುತ್ತಾರೆ. ಅಂಕಪಟ್ಟಿಯ ಹಿಂಬದಿಯಲ್ಲಿ ಅಳತೆಯ ಕೋಷ್ಟಕ ಅಚ್ಚಾಗಿದ್ದರೆ ಆ ಬದಿಯನ್ನೂ ಸ್ಕ್ಯಾನ್ ಮಾಡಿ. ಜನ ಸಾಮಾನ್ಯವಾಗಿ ಮುಂಬದಿಯನ್ನು ಮಾತ್ರ ಕಳುಹಿಸುತ್ತಾರೆ. ಕೋಷ್ಟಕವೇ ಇಲ್ಲದಿದ್ದರೆ ಶಾಲೆಯಿಂದ ಎರಡು ಸಾಲು ಬರೆಸಿಕೊಳ್ಳಿ: ಎಷ್ಟಕ್ಕೆ ಎಷ್ಟು, ತೇರ್ಗಡೆಗೆ ಎಷ್ಟು.

ವರ್ಗಾವಣೆ ಪತ್ರದ ವಿಷಯದಲ್ಲಿ ಮಾತ್ರ ಆತುರ ಬೇಡ. ಕೊಲ್ಲಿ ರಾಷ್ಟ್ರಗಳ ಶಾಲೆಗಳು ಅದನ್ನು ಕಟ್ಟುನಿಟ್ಟಾಗಿ ಕೇಳುತ್ತವೆ. ಕೆನಡಾದ ಸಾರ್ವಜನಿಕ ಶಾಲೆಗೆ ಅದಕ್ಕಿಂತ ಹಿಂದಿನ ಅಂಕಪಟ್ಟಿಯೇ ಮುಖ್ಯ. ವರ್ಗಾವಣೆ ಪತ್ರ ಕೈಗೆ ಬಂದ ದಿನದಿಂದ ಮಗು ಈಗಿನ ಶಾಲೆಯ ಹಾಜರಿ ಪುಸ್ತಕದಲ್ಲಿ ಇರುವುದಿಲ್ಲ ಎಂಬುದನ್ನು ಮರೆಯಬೇಡಿ. ವೀಸಾ ಎರಡು ತಿಂಗಳು ತಡವಾದರೆ ಮಕ್ಕಳು ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ ಎಂಬಂತಾಗುತ್ತದೆ. ಕರಡು ಸಿದ್ಧವಾಗಿರಲಿ, ದಿನಾಂಕ ಮತ್ತು ಸಹಿ ಕೊನೆಯ ವಾರಕ್ಕಿರಲಿ.

ಇನ್ನು ಹೆಸರು. ಪ್ರವೇಶ ವಿಭಾಗದಲ್ಲಿದ್ದಾಗ ನಾನು ಅತಿ ಹೆಚ್ಚು ಹೊತ್ತು ಕಳೆದದ್ದು ಇದರ ಮೇಲೆಯೇ. ಇವತ್ತು ರಾತ್ರಿ ಊಟವಾದ ಮೇಲೆ ಮಗಳ ಜನನ ಪ್ರಮಾಣಪತ್ರ, ಪಾಸ್‌ಪೋರ್ಟ್, ಇತ್ತೀಚಿನ ಅಂಕಪಟ್ಟಿ, ಲಸಿಕೆ ಕಾರ್ಡ್ ನಾಲ್ಕನ್ನೂ ಮೇಜಿನ ಮೇಲೆ ಸಾಲಾಗಿ ಇಡಿ. ಬೆರಳಿಟ್ಟು ಒಂದೊಂದೇ ಅಕ್ಷರ ಓದಿ. ಒಂದರಲ್ಲಿ ಹೆಸರು ಮೊದಲು, ಇನ್ನೊಂದರಲ್ಲಿ ಮನೆತನದ ಹೆಸರು ಮೊದಲು. ಒಂದರಲ್ಲಿ ಒಂದು ‘ಎ’ ಹೆಚ್ಚು. ಲಸಿಕೆ ಕಾರ್ಡಿನಲ್ಲಿ ನಾಮಕರಣಕ್ಕೆ ಮುಂಚಿನದ್ದಾದ್ದರಿಂದ ‘ಹೆಣ್ಣು ಮಗು’ ಎಂದಷ್ಟೇ ಇರುತ್ತದೆ. ಇಷ್ಟೂ ಒಂದೇ ಮಗುವಿನವು ಎಂದು ನಿಮಗೆ ಗೊತ್ತು, ಓದುವವರಿಗೆ ಗೊತ್ತಿಲ್ಲ. ಪಾಸ್‌ಪೋರ್ಟ್‌ನಲ್ಲಿರುವ ಕಾಗುಣಿತವೇ ಮೂಲ ಎಂದು ಇಟ್ಟುಕೊಂಡು ಉಳಿದವನ್ನು ಅದಕ್ಕೆ ಹೊಂದಿಸಿ. ಶಾಲೆಯ ದಾಖಲೆ ತಿದ್ದಿಸುವುದು ಸುಲಭ, ಲಸಿಕೆ ಕಾರ್ಡನ್ನು ವೈದ್ಯರು ಹೊಸದಾಗಿ ಬರೆದುಕೊಡುತ್ತಾರೆ. ಜನನ ಪ್ರಮಾಣಪತ್ರ ತಿದ್ದಿಸಲು ತಿಂಗಳುಗಳು ಬೇಕಾಗುವುದರಿಂದ ತಪ್ಪು ಅಲ್ಲಿದ್ದರೆ ನಾಳೆಯೇ ಅರ್ಜಿ ಕೊಡಿ. ಆಗದ ಪಕ್ಷದಲ್ಲಿ ಎರಡೂ ಹೆಸರು ಒಬ್ಬರದೇ ಎಂದು ನೋಟರಿ ಮುಂದೆ ಪ್ರಮಾಣ ಮಾಡಿದ ಪತ್ರ ಇಟ್ಟುಕೊಳ್ಳಿ. ಜನನ ಪ್ರಮಾಣಪತ್ರದಲ್ಲಿ ನಿಮ್ಮ ಮದುವೆಗೆ ಮುಂಚಿನ ಹೆಸರು, ಪಾಸ್‌ಪೋರ್ಟ್‌ನಲ್ಲಿ ಮದುವೆಯ ನಂತರದ ಹೆಸರು ಇದ್ದರೆ ವಿವಾಹ ನೋಂದಣಿ ಪತ್ರವೂ ಈ ಕಡತಕ್ಕೆ ಸೇರುತ್ತದೆ.

ದಿನಾಂಕವೂ ಇದೇ ಜಾತಿಗೆ ಸೇರಿದ್ದು. 04/07/2016 ಎಂದರೆ ಹಲವರಿಗೆ ಜುಲೈ ನಾಲ್ಕು, ಅಮೆರಿಕದವರಿಗೆ ಏಪ್ರಿಲ್ ಏಳು. ಕೆನಡಾದಲ್ಲಿ ಎರಡೂ ರೂಢಿಗಳು ಬೆರೆತಿವೆ. ನೀವು ತುಂಬುವ, ಬರೆಸುವ ಪ್ರತಿ ಕಾಗದದಲ್ಲಿ ತಿಂಗಳನ್ನು ಅಕ್ಷರದಲ್ಲಿ ಬರೆಯಿರಿ. ಇದರ ಪರಿಣಾಮ ಬರೀ ಅಂದಚೆಂದದ್ದಲ್ಲ, ಮಗು ಕೂರುವ ತರಗತಿಯನ್ನೇ ಅದು ಬದಲಿಸಬಲ್ಲದು. ಒಂಟಾರಿಯೊದಲ್ಲಿ ಜನವರಿಯಿಂದ ಡಿಸೆಂಬರ್‌ವರೆಗೆ ಒಂದೇ ವರ್ಷದಲ್ಲಿ ಹುಟ್ಟಿದವರೆಲ್ಲ ಒಂದು ತರಗತಿ. ಇಂಗ್ಲೆಂಡಿನಲ್ಲಿ ಗೆರೆ ಬೀಳುವುದು ಸೆಪ್ಟೆಂಬರ್ 1ಕ್ಕೆ. ಜರ್ಮನಿಯಲ್ಲಿ ಮೊದಲ ತರಗತಿಗೆ ಸೇರಿಸುವ ಕಡೆಯ ದಿನಾಂಕ ರಾಜ್ಯದಿಂದ ರಾಜ್ಯಕ್ಕೆ ಬೇರೆ, ಜೂನ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ. ತರಗತಿಯ ಸಂಖ್ಯೆಯೂ ನಂಬಿಕೆಗೆ ಅರ್ಹವಲ್ಲ: ಇಂಗ್ಲೆಂಡಿನ ‘ಇಯರ್ 4’ ಎಂದರೆ ಉತ್ತರ ಅಮೆರಿಕದ ‘ಗ್ರೇಡ್ 3’. ಅರ್ಜಿಯಲ್ಲಿ ‘ಮೂರನೆಯ ತರಗತಿ’ ಎಂದಷ್ಟೇ ಬರೆಯದೆ ‘ಶಾಲೆಯ ಮೂರನೆಯ ವರ್ಷ, ವಯಸ್ಸು ಎಂಟು, ಶೈಕ್ಷಣಿಕ ವರ್ಷ ಇಂಥ ತಿಂಗಳಿಂದ ಇಂಥ ತಿಂಗಳವರೆಗೆ’ ಎಂದು ಬಿಡಿಸಿ ಬರೆಯಿರಿ. ಶೈಕ್ಷಣಿಕ ವರ್ಷವೂ ಎಲ್ಲೆಡೆ ಒಂದೇ ಅಲ್ಲವಲ್ಲ. ಜಪಾನಿನಲ್ಲಿ ಏಪ್ರಿಲ್‌ಗೆ, ಆಸ್ಟ್ರೇಲಿಯಾದಲ್ಲಿ ಜನವರಿಯ ಕೊನೆಗೆ ಶಾಲೆ ಆರಂಭವಾಗುತ್ತದೆ.

ಈಗ ದೃಢೀಕರಣ. ಇಲ್ಲಿ ಜನ ಸುಮ್ಮನೆ ಹಣ ಸುರಿಯುತ್ತಾರೆ. ಅಪೊಸ್ಟಿಲ್ ಎಂಬುದು 1961ರ ಹೇಗ್ ಒಪ್ಪಂದದಿಂದ ಬಂದ ಮೊಹರು. ಸದಸ್ಯ ದೇಶವೊಂದರ ಸಾರ್ವಜನಿಕ ದಾಖಲೆಯನ್ನು ಇನ್ನೊಂದು ಸದಸ್ಯ ದೇಶ ರಾಯಭಾರ ಕಚೇರಿಯ ಸುತ್ತಾಟವಿಲ್ಲದೆ ಒಪ್ಪಲಿ ಎಂಬುದು ಅದರ ಉದ್ದೇಶ. ಕೆನಡಾ ತೀರಾ ಇತ್ತೀಚೆಗೆ, 2024ರ ಜನವರಿ 11ರಿಂದ, ಇದರೊಳಗೆ ಬಂದಿದೆ. ಹಾಗಾಗಿ ಅದಕ್ಕೂ ಮುಂಚೆ ಅಲ್ಲಿಗೆ ಹೋದ ಬಂಧುಗಳು ಕೊಡುವ ಸಲಹೆ ಈಗ ಹಳತಾಗಿದೆ. ಎರಡೂ ದೇಶ ಸದಸ್ಯ ಎಂದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಹೊಸದಾಗಿ ಸೇರುವ ದೇಶದ ಬಗ್ಗೆ ಹಳೆಯ ಸದಸ್ಯ ದೇಶ ಆಕ್ಷೇಪ ಸಲ್ಲಿಸಬಹುದು, ಆಗ ಆ ಇಬ್ಬರ ನಡುವೆ ಅಪೊಸ್ಟಿಲ್‌ಗೆ ಬೆಲೆಯಿಲ್ಲ. ಜರ್ಮನಿ ಹಲವು ದೇಶಗಳ ವಿಷಯದಲ್ಲಿ ಹೀಗೆ ಮಾಡಿದೆ. ಈ ಒಪ್ಪಂದವನ್ನು ನೋಡಿಕೊಳ್ಳುವ ಹೇಗ್ ಸಮ್ಮೇಳನ ಎಂಬ ಸಂಸ್ಥೆಯ ಜಾಲತಾಣದಲ್ಲಿ ಸದಸ್ಯರ ಪಟ್ಟಿಯೂ ಆಕ್ಷೇಪಗಳ ಪಟ್ಟಿಯೂ ಇದೆ. ಏಜೆಂಟರಿಗೆ ಹಣ ಕಟ್ಟುವ ಮುನ್ನ ಹತ್ತು ನಿಮಿಷ ಅದನ್ನು ನೋಡಿ.

ಅಪೊಸ್ಟಿಲ್ ಹೇಳುವುದು ಸಹಿ ನಿಜ, ಮೊಹರು ನಿಜ, ಸಹಿ ಮಾಡಿದವರಿಗೆ ಆ ಅಧಿಕಾರವಿತ್ತು ಎಂದಷ್ಟೇ. ಒಳಗೆ ಬರೆದದ್ದು ನಿಜವೋ ಸುಳ್ಳೋ ಎಂಬುದಕ್ಕೆ ಅದು ಜವಾಬ್ದಾರಿ ಹೊರುವುದಿಲ್ಲ. ಖಾಸಗಿ ಶಾಲೆಯ ಕಾಗದ ಸಾರ್ವಜನಿಕ ದಾಖಲೆಯಲ್ಲದ್ದರಿಂದ ಅದನ್ನು ಸಾಮಾನ್ಯವಾಗಿ ಮೊದಲು ನೋಟರಿಯಿಂದಲೋ ಶಿಕ್ಷಣ ಇಲಾಖೆಯಿಂದಲೋ ದೃಢೀಕರಿಸಬೇಕಾಗುತ್ತದೆ. ನನ್ನ ಸಲಹೆ: ಇಬ್ಬರು ಮಕ್ಕಳ ಜನನ ಪ್ರಮಾಣಪತ್ರ, ನಿಮ್ಮ ವಿವಾಹ ನೋಂದಣಿ ಪತ್ರ ಇಷ್ಟನ್ನು ದೇಶ ಖಚಿತವಾದ ಕೂಡಲೇ ದೃಢೀಕರಿಸಿ. ಇವು ವೀಸಾಕ್ಕೂ ಆಗುತ್ತವೆ. ಅಂಕಪಟ್ಟಿಗಳನ್ನು ಶಾಲೆ ಬರವಣಿಗೆಯಲ್ಲಿ ಕೇಳಿದರೆ ಮಾತ್ರ ಮಾಡಿಸಿ. ಮೂರನೆಯ ತರಗತಿಯ ಮಗುವಿನ ಅಂಕಪಟ್ಟಿಗೆ ಅಪೊಸ್ಟಿಲ್ ಹಾಕಿಸಿ ತಂದವರನ್ನು ನೋಡಿದ್ದೇನೆ. ಶಾಲೆಯವರು ಅದನ್ನು ತಿರುಗಿಸಿ ಕೂಡ ನೋಡಲಿಲ್ಲ. ಹಾಗೆಯೇ, ಮೂಲ ಪತ್ರಗಳನ್ನು ದಯವಿಟ್ಟು ಲ್ಯಾಮಿನೇಟ್ ಮಾಡಿಸಬೇಡಿ. ಪ್ಲಾಸ್ಟಿಕ್ ಮೇಲೆ ಯಾರೂ ಮೊಹರು ಒತ್ತುವುದಿಲ್ಲ.

ಅನುವಾದ ಬೇಕಾದರೆ ದೃಢೀಕರಣವಾದ ಮೇಲೆ ಮಾಡಿಸಿ, ಆಗ ಆ ಮೊಹರಿನ ಮೇಲಿರುವ ಬರಹವೂ ಅನುವಾದದೊಳಗೆ ಬರುತ್ತದೆ. ಜರ್ಮನಿಯಲ್ಲಿ ನ್ಯಾಯಾಲಯದ ಮುಂದೆ ಪ್ರಮಾಣ ಮಾಡಿದ ಅನುವಾದಕರಿದ್ದಾರೆ, ಕಚೇರಿಗಳು ಅವರ ಮೊಹರನ್ನೇ ಹುಡುಕುತ್ತವೆ. ಹಾಗಾಗಿ ಜರ್ಮನಿಯಾದರೆ ಜರ್ಮನ್ ಅನುವಾದವನ್ನು ಅಲ್ಲಿಯೇ ಮಾಡಿಸುವುದು ಜಾಣತನ. ಅನುವಾದಕರಿಗೆ ಪಾಸ್‌ಪೋರ್ಟ್ ಪ್ರತಿಯನ್ನು ಮೊದಲೇ ಕೊಡಿ, ಇಲ್ಲದಿದ್ದರೆ ಹೆಸರನ್ನು ತಮ್ಮ ಕಿವಿಗೆ ಕೇಳಿದಂತೆ ಬರೆದು ಮತ್ತೊಂದು ಕಾಗುಣಿತ ಹುಟ್ಟಿಸುತ್ತಾರೆ.

ಲಸಿಕೆ ಕಾರ್ಡಿನ ವಿಷಯಕ್ಕೆ ಬರುತ್ತೇನೆ. ಇದನ್ನು ಎಲ್ಲರೂ ಕೊನೆಗೆ ಇಟ್ಟುಕೊಳ್ಳುತ್ತಾರೆ, ಆದರೆ ಮಗುವನ್ನು ಶಾಲೆಯ ಬಾಗಿಲಲ್ಲಿ ತಡೆದು ನಿಲ್ಲಿಸುವ ಶಕ್ತಿ ಇರುವುದು ಇದಕ್ಕೆ. ಜರ್ಮನಿಯಲ್ಲಿ 2020ರ ಮಾರ್ಚ್ 1ರಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ ಶಾಲೆಗೆ ಸೇರುವ ಮಗು ದಡಾರದ ಎರಡು ಡೋಸ್ ಪಡೆದಿರುವುದಕ್ಕೆ ಅಥವಾ ರೋಗನಿರೋಧಕ ಶಕ್ತಿ ಇರುವುದಕ್ಕೆ ಪುರಾವೆ ತೋರಿಸಬೇಕು. ಒಂಟಾರಿಯೊದ ಪಟ್ಟಿ ಇನ್ನೂ ಉದ್ದ: ದಡಾರ, ಮಂಗನಬಾವು, ರುಬೆಲ್ಲಾ, ಗಂಟಲಮಾರಿ, ಧನುರ್ವಾಯು, ನಾಯಿಕೆಮ್ಮು, ಪೋಲಿಯೊ, ಮೆನಿಂಗೊಕಾಕಲ್ ಸೋಂಕು, 2010 ಮತ್ತು ಆಮೇಲೆ ಹುಟ್ಟಿದವರಿಗೆ ಸೀತಾಳೆ ಸಿಡುಬು ಕೂಡ. ದಾಖಲೆ ಇಲ್ಲದಿದ್ದರೆ ಮಗುವನ್ನು ಶಾಲೆಯಿಂದ ತಾತ್ಕಾಲಿಕವಾಗಿ ಹೊರಗಿಡಲೂ ಅಲ್ಲಿ ಅವಕಾಶವಿದೆ.

ಕಾರ್ಡನ್ನು ಕೈಗೆತ್ತಿಕೊಂಡು ದಡಾರದ ಮೊದಲ ಡೋಸ್ ಯಾವ ದಿನಾಂಕದ್ದು ಎಂದು ನೋಡಿ. ಹಲವು ದೇಶಗಳಲ್ಲಿ ಅದನ್ನು ಒಂಬತ್ತು ತಿಂಗಳಿಗೇ ಕೊಡುತ್ತಾರೆ. ಉತ್ತರ ಅಮೆರಿಕದಲ್ಲಿ ಮೊದಲ ಹುಟ್ಟುಹಬ್ಬಕ್ಕಿಂತ ಮುಂಚೆ ಕೊಟ್ಟ ಡೋಸನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಾರ್ಡಿನಲ್ಲಿ ಎರಡು ಡೋಸ್ ಇದ್ದರೂ ಅವರ ಎಣಿಕೆಯಲ್ಲಿ ಒಂದೇ ಆಗಿ, ‘ಇನ್ನೊಂದು ಬೇಕು’ ಎಂಬ ಪತ್ರ ಬರುತ್ತದೆ. ಇನ್ನೊಂದು ಡೋಸ್ ಬೇಕಾದರೆ ಹಿಂದಿನದಕ್ಕೂ ಅದಕ್ಕೂ ಕನಿಷ್ಠ ನಾಲ್ಕು ವಾರದ ಅಂತರವಿರಬೇಕು, ಆದ್ದರಿಂದ ಕೊನೆಯ ವಾರದಲ್ಲಿ ವೈದ್ಯರ ಬಳಿ ಓಡಿದರೆ ಕೆಲಸವಾಗುವುದಿಲ್ಲ. ನಾಲ್ಕು ತಿಂಗಳು ಇರುವ ನಿಮಗೆ ಇದು ಸಲೀಸು. ಮಕ್ಕಳ ವೈದ್ಯರಿಂದ ಒಂದು ಹಾಳೆ ಬರೆಸಿಕೊಳ್ಳಿ: ಲಸಿಕೆಯ ವಾಣಿಜ್ಯ ಹೆಸರಿನ ಜೊತೆಗೆ ಯಾವ ರೋಗಕ್ಕೆ ಎಂಬುದು, ಪೂರ್ತಿ ದಿನಾಂಕ, ವೈದ್ಯರ ನೋಂದಣಿ ಸಂಖ್ಯೆ, ಸಹಿ. ಮಳೆಯಲ್ಲಿ ನೆನೆದು ಶಾಯಿ ಹರಡಿದ ಹಳೆಯ ಕಾರ್ಡನ್ನು ಎಸೆಯಬೇಡಿ, ಹೊಸ ಹಾಳೆಯ ಹಿಂದೆ ಅದರ ಪ್ರತಿಯೂ ಇರಲಿ.

ಮಗನ ವರದಿಯ ಬಗ್ಗೆ ನೀವು ಕೇಳಿದ್ದಕ್ಕೆ ನೇರವಾಗಿ ಹೇಳುತ್ತೇನೆ: ಕೊಡಿ. ಅಂಜಿಕೆ ನನಗೆ ಅರ್ಥವಾಗುತ್ತದೆ, ಪೂರ್ತಿ ಆಧಾರವಿಲ್ಲದ್ದೂ ಅಲ್ಲ. ಖಾಸಗಿ ಶಾಲೆಯೊಂದು ‘ನಮ್ಮಲ್ಲಿ ಅಂಥ ಸೌಲಭ್ಯವಿಲ್ಲ’ ಎಂದು ಕೈಚೆಲ್ಲಬಹುದು. ಕೈಚೆಲ್ಲುವ ಶಾಲೆ ಯಾವುದು ಎಂಬುದು ಸೇರುವ ಮುನ್ನವೇ ತಿಳಿಯುವುದು ಒಳ್ಳೆಯದಲ್ಲವೇ? ಮುಚ್ಚಿಟ್ಟು ಸೇರಿಸಿದರೆ ಆರನೆಯ ವಾರಕ್ಕೆ ತರಗತಿ ಶಿಕ್ಷಕರಿಗೆ ಹೇಗೂ ಗೊತ್ತಾಗುತ್ತದೆ. ಬಹಳಷ್ಟು ಖಾಸಗಿ ಶಾಲೆಗಳ ಕರಾರಿನಲ್ಲಿ, ಮಾಹಿತಿ ಮುಚ್ಚಿಟ್ಟರೆ ಪ್ರವೇಶ ರದ್ದು ಎಂಬ ಸಾಲು ಸಣ್ಣ ಅಕ್ಷರದಲ್ಲಿ ಇರುತ್ತದೆ. ಸಾರ್ವಜನಿಕ ಶಾಲೆಯಲ್ಲಂತೂ ಈ ವರದಿ ನಿಮ್ಮ ಪರವಾಗಿಯೇ ಕೆಲಸ ಮಾಡುತ್ತದೆ. ಒಂಟಾರಿಯೊದಲ್ಲಿ ಇಂಥ ಮಗುವಿಗೆ ಪ್ರತ್ಯೇಕ ಕಲಿಕಾ ಯೋಜನೆ ಬರೆಯುವ ಏರ್ಪಾಡಿದೆ. ಜರ್ಮನಿಯಲ್ಲಿ ಪರೀಕ್ಷೆಗೆ ಹೆಚ್ಚು ಸಮಯ ಕೊಡುವಂಥ ಸೌಲಭ್ಯಕ್ಕೆ ‘ನಾಖ್‌ಟೈಲ್ಸ್‌ಔಸ್‌ಗ್ಲೈಖ್’ ಎನ್ನುತ್ತಾರೆ. ಓದಲು ತೊಡಕಿರುವವರ ಸೌಲಭ್ಯಕ್ಕೆ ಇಂಥ ಹೆಸರಿಟ್ಟವರ ಹಾಸ್ಯಪ್ರಜ್ಞೆಯನ್ನು ಮೆಚ್ಚಲೇಬೇಕು.

ಆದರೆ ವರದಿಯನ್ನು ಇದ್ದ ಹಾಗೆಯೇ ಕಳುಹಿಸಬೇಡಿ. ಅದರಲ್ಲಿ ನಾಲ್ಕು ವಿವರ ಇದೆಯೇ ನೋಡಿ: ಪರೀಕ್ಷೆ ಮಾಡಿದವರ ಅರ್ಹತೆ, ಬಳಸಿದ ಪರೀಕ್ಷೆಗಳ ಹೆಸರು, ಬಂದ ಅಂಕಗಳು, ಯಾವ ಭಾಷೆಯಲ್ಲಿ ಪರೀಕ್ಷಿಸಿದರು ಎಂಬುದು. ಕೊನೆಯದು ತೀರಾ ಮುಖ್ಯ. ಮನೆಮಾತಿನಲ್ಲಿ ಪರೀಕ್ಷಿಸಿದಾಗಲೂ ತೊಡಕು ಕಂಡಿದ್ದರೆ ಅದು ಓದಿನ ತೊಡಕು. ಆ ಮಾತು ವರದಿಯಲ್ಲಿ ಇಲ್ಲದಿದ್ದರೆ ಹೊಸ ಶಾಲೆಯವರು ‘ಹೊಸ ಭಾಷೆ ಬಂದ ಮೇಲೆ ಸರಿಹೋಗುತ್ತದೆ, ಕಾಯೋಣ’ ಎನ್ನುತ್ತಾರೆ, ಎರಡು ವರ್ಷ ಹಾಗೆಯೇ ಕಳೆದುಹೋಗುತ್ತದೆ. ಇಂಥ ಎಷ್ಟೋ ಮಕ್ಕಳನ್ನು ನಾನು ನೋಡಿದ್ದೇನೆ. ತಜ್ಞರ ಬಳಿ ಹೋಗಿ ಆ ಒಂದು ಸಾಲನ್ನು ಸೇರಿಸಿ ಕೊಡಿ ಎಂದು ಕೇಳಿ. ಜೊತೆಗೆ ಈಗಿನ ತರಗತಿ ಶಿಕ್ಷಕರಿಂದ ಅರ್ಧ ಪುಟದ ಪತ್ರ: ಅವನಿಗೆ ಏನು ಕೊಟ್ಟರೆ ಓದುತ್ತಾನೆ, ಏನು ಮಾಡಿದರೆ ಮುದುಡಿಕೊಳ್ಳುತ್ತಾನೆ. ‘ಗಟ್ಟಿಯಾಗಿ ಓದಿಸುವ ಮುನ್ನ ಒಮ್ಮೆ ಮನಸ್ಸಿನಲ್ಲಿ ಓದಿಕೊಳ್ಳಲು ಬಿಟ್ಟರೆ ಚೆನ್ನಾಗಿ ಓದುತ್ತಾನೆ’ ಎಂಬಂಥ ಒಂದು ವಾಕ್ಯ ಹೊಸ ಶಿಕ್ಷಕಿಗೆ ಇಡೀ ವರದಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಮೊದಲ ಅರ್ಜಿಯ ಜೊತೆಯೇ ಇವೆರಡೂ ಹೋಗಲಿ.

ಮಗಳ ವಿಷಯದಲ್ಲಿ ಶಿಫಾರಸು ಪತ್ರವೂ ಬೇಕಾದೀತು. ಅಂತರರಾಷ್ಟ್ರೀಯ ಶಾಲೆಗಳು ಇದನ್ನು ಶಿಕ್ಷಕರಿಂದಲೇ ನೇರವಾಗಿ ತರಿಸಿಕೊಳ್ಳುತ್ತವೆ, ನಿಮ್ಮ ಕೈಗೆ ಬರಲು ಬಿಡುವುದಿಲ್ಲ. ಶಾಲೆ ಮೊಹರು ಮಾಡಿದ ಲಕೋಟೆಯಲ್ಲಿ ಏನನ್ನಾದರೂ ಕೊಟ್ಟರೆ ಕುತೂಹಲಕ್ಕೆ ತೆರೆಯಬೇಡಿ, ತೆರೆದ ಲಕೋಟೆ ನಿರುಪಯೋಗಿ. ಶಿಕ್ಷಕರಿಗೆ ಮೂರು ವಾರ ಮುಂಚೆ ಹೇಳಿ. ಅವರು ಹೊಗಳಿದಷ್ಟೂ ಒಳ್ಳೆಯದು ಎಂದೇನಿಲ್ಲ. ‘ಆದರ್ಶ ವಿದ್ಯಾರ್ಥಿನಿ’ ಎಂಬ ಪತ್ರ ನೂರು ಬಂದಿರುತ್ತವೆ.

ನೀವಿಬ್ಬರೂ ಒಟ್ಟಿಗೆ ಹೋಗುವುದಾದರೆ ಪಾಲನೆಯ ಕಾಗದ ಹೆಚ್ಚು ಕಾಡುವುದಿಲ್ಲ. ಪತಿ ಮುಂದಾಗಿ ಹೋಗಿ ನೀವು ಮಕ್ಕಳನ್ನು ಆಮೇಲೆ ಕರೆದೊಯ್ಯುವುದಾದರೆ, ಅವರ ಒಪ್ಪಿಗೆಯನ್ನು ನೋಟರಿ ಸಹಿಯೊಂದಿಗೆ ಬರೆಸಿ ಕೈಚೀಲದಲ್ಲಿ ಇಟ್ಟುಕೊಳ್ಳಿ. ಗಡಿಯಲ್ಲೂ ಕೇಳಬಹುದು, ಶಾಲೆಯಲ್ಲೂ ಕೇಳಬಹುದು. ವಿಚ್ಛೇದನ ಅಥವಾ ದತ್ತು ಪ್ರಕರಣವಿರುವ ಓದುಗರು ನ್ಯಾಯಾಲಯದ ಆದೇಶದ ಪ್ರಮಾಣೀಕೃತ ಪ್ರತಿಯನ್ನು ಎಲ್ಲಕ್ಕಿಂತ ಮೊದಲು ತೆಗೆಸಿಡಬೇಕು.

ವಿಳಾಸದ ತೊಡಕು ಮಾತ್ರ ಹೋದ ಮೇಲೆಯೇ ಬಿಡಿಸುವಂಥದ್ದು. ಸಾರ್ವಜನಿಕ ಶಾಲೆ ಸಾಮಾನ್ಯವಾಗಿ ಮನೆಯ ವಿಳಾಸ ನೋಡಿ ಹಂಚಿಕೆಯಾಗುತ್ತದೆ. ಶಾಲೆ ನೋಡಿ ಮನೆ ಹಿಡಿಯೋಣ ಎಂದರೆ ಮನೆ ಇಲ್ಲದೆ ಶಾಲೆ ಹೆಸರನ್ನೂ ಬರೆದುಕೊಳ್ಳುವುದಿಲ್ಲ. ತಾತ್ಕಾಲಿಕ ವಿಳಾಸದಿಂದ ನೋಂದಣಿ ಸಾಧ್ಯವೇ, ಕಂಪನಿಯ ಪತ್ರ ಒಪ್ಪುತ್ತೀರಾ ಎಂದು ಶಾಲಾ ಮಂಡಳಿಗೆ ಇಮೇಲ್ ಬರೆದು, ಬಂದ ಉತ್ತರವನ್ನು ಮುದ್ರಿಸಿಟ್ಟುಕೊಳ್ಳಿ. ಯಾವ ಊರು ಎಂಬುದರ ಮೇಲೂ ಎಷ್ಟೋ ನಿಂತಿದೆ, ಏಕೆಂದರೆ ಈ ಎರಡೂ ದೇಶಗಳಲ್ಲಿ ಶಾಲಾ ಶಿಕ್ಷಣ ಕೇಂದ್ರ ಸರ್ಕಾರದ ಕೈಯಲ್ಲಿಲ್ಲ. ಜರ್ಮನಿಯಲ್ಲಿ 16 ರಾಜ್ಯಗಳು, ಕೆನಡಾದಲ್ಲಿ 10 ಪ್ರಾಂತ್ಯಗಳು ಮತ್ತು 3 ಟೆರಿಟರಿಗಳು, ಅಷ್ಟೇ ಬಗೆಯ ನಿಯಮಗಳು. ಉದಾಹರಣೆಗೆ ಕಂಪನಿಯ ಕಚೇರಿ ಮಾಂಟ್ರಿಯಲ್‌ನಲ್ಲಿದ್ದರೆ, ಆ ಊರಿರುವ ಕ್ವಿಬೆಕ್ ಪ್ರಾಂತ್ಯದ ನಿಯಮದಂತೆ ಹೊಸದಾಗಿ ಬಂದವರ ಮಕ್ಕಳು, ಕೆಲವು ವಿನಾಯಿತಿ ಬಿಟ್ಟರೆ, ಫ್ರೆಂಚ್ ಮಾಧ್ಯಮದ ಸಾರ್ವಜನಿಕ ಶಾಲೆಗೇ ಹೋಗಬೇಕು. ‘ಕೆನಡಾ’ ಎಂದಷ್ಟೇ ಕೇಳಿ ಒಪ್ಪಿಕೊಳ್ಳದೆ ಊರಿನ ಹೆಸರನ್ನೂ ಪತಿಯ ಮೂಲಕ ಕೇಳಿಸಿ.

ಎಲ್ಲವನ್ನೂ ಬಣ್ಣದಲ್ಲಿ, ಎರಡೂ ಬದಿ, 300 ಡಿಪಿಐ ಸ್ಪಷ್ಟತೆಯಲ್ಲಿ ಸ್ಕ್ಯಾನ್ ಮಾಡಿ. ಮೊಬೈಲಿನಲ್ಲಿ ಚಿತ್ರ ತೆಗೆದು, ಮೂಲೆಯಲ್ಲಿ ಹೆಬ್ಬೆರಳು, ಮೇಲೆ ಟ್ಯೂಬ್‌ಲೈಟಿನ ನೆರಳು ಇರುವ ಅಂಕಪಟ್ಟಿಗಳನ್ನು ಓದಿ ಓದಿ ನನ್ನ ಕಣ್ಣು ಸೋತಿವೆ. ಒಂದು ದಾಖಲೆಗೆ ಒಂದು ಪಿಡಿಎಫ್, ಕಡತದ ಹೆಸರಿನಲ್ಲಿ ಮಗುವಿನ ಹೆಸರು, ದಾಖಲೆ, ವರ್ಷ ಇರಲಿ. ‘ಸ್ಕ್ಯಾನ್ 17’ ಎಂಬುದು ಯಾರಿಗೂ ಏನನ್ನೂ ಹೇಳುವುದಿಲ್ಲ. ಕಂಡಕಂಡ ಏಜೆಂಟರಿಗೆ ಪಾಸ್‌ಪೋರ್ಟ್ ಪ್ರತಿ ಕಳುಹಿಸಬೇಡಿ. ಕಳುಹಿಸಲೇಬೇಕಾದರೆ ‘ಶಾಲಾ ಪ್ರವೇಶಕ್ಕೆ ಮಾತ್ರ’ ಎಂದು ಅದರ ಮೇಲೆ ಅಡ್ಡಲಾಗಿ ಬರೆದು ಕಳುಹಿಸಿ. ಮೂಲ ಪತ್ರಗಳು ವಿಮಾನದಲ್ಲಿ ನಿಮ್ಮ ಕೈಚೀಲದಲ್ಲಿಯೇ ಬರಲಿ, ಹಡಗಿನಲ್ಲಿ ಬರುವ ಪೆಟ್ಟಿಗೆಯಲ್ಲಿ ಬೇಡ.

ಒಂದು ವಿಷಯ ಉಳಿಯಿತು. ನೀವು ಹೊರಡುವ ಹೊತ್ತಿಗೆ ಈ ವರ್ಷದ ಕೊನೆಯ ಅಂಕಪಟ್ಟಿ ಬಂದಿರುವುದಿಲ್ಲ ಎಂದು ನಿಮ್ಮ ಲೆಕ್ಕ ನೋಡಿದರೆ ತೋರುತ್ತದೆ. ಅಲ್ಲಿಯವರೆಗಿನ ಅಂಕಗಳನ್ನು ‘ತಾತ್ಕಾಲಿಕ ವರದಿ’ ಎಂದು ಬರೆಸಿಕೊಂಡು ಹೋಗಿ. ಅಂತಿಮ ಪಟ್ಟಿ ಬಂದಾಗ ನಿಮ್ಮ ಪರವಾಗಿ ಪಡೆದುಕೊಳ್ಳಲು ಹತ್ತಿರದವರೊಬ್ಬರಿಗೆ ಅಧಿಕಾರ ಪತ್ರ ಬರೆದು, ಅವರ ಗುರುತಿನ ಚೀಟಿಯ ಪ್ರತಿಯೊಂದಿಗೆ ಶಾಲೆಯ ಕಚೇರಿಗೆ ಕೊಡಿ. ಹಾಗೆಯೇ ಆ ಕಚೇರಿಯಲ್ಲಿ ನಿಜವಾಗಿ ಕೆಲಸ ಮಾಡುವವರು ಯಾರು ಎಂದು ಗುರುತಿಸಿ, ಅವರ ಹೆಸರು, ಮೊಬೈಲ್ ಸಂಖ್ಯೆ, ಶಾಲೆಯ ಅಧಿಕೃತ ಇಮೇಲ್ ಮೂರನ್ನೂ ಬರೆದುಕೊಳ್ಳಿ. ಹೊಸ ಶಾಲೆ ದೃಢೀಕರಣಕ್ಕೆಂದು ಬರೆಯುವ ಇಮೇಲ್‌ಗೆ ಉತ್ತರಿಸುವವರು ಪ್ರಾಂಶುಪಾಲರಲ್ಲ, ಅವರೇ.